ಸೌಟು ಬೋರಲಾಗಿದೆ, ಆಕಾರ ಬದಲಾಗಿಲ್ಲ

ಫೆಬ್ರವರಿಯಲ್ಲಿ ರಾತ್ರಿ ಹತ್ತೂವರೆಗೆ ಕಬ್ಬಿಗೆ ನೀರು ಕಟ್ಟಲು ಹೋದಾಗ ಸಪ್ತರ್ಷಿಯ ಸೌಟು ನೆಟ್ಟಗೆ ನಿಂತಿತ್ತು, ಈಗ ಮೇ ಕೊನೆಯಲ್ಲಿ ಬೋರಲಾಗಿದೆ, ಲಕ್ಷ ವರ್ಷಕ್ಕೆ ಆಕಾರ ಬದಲಾಗುತ್ತೆ ಅಂತಾರಲ್ಲ ಅದು ಇದೇನಾ ಎಂದು ಕೇಳಿದ್ದೀರಿ. ಅಲ್ಲ, ಅದೇ ಬೇರೆ, ಇದೇ ಬೇರೆ.

ನೀವು ಕಂಡದ್ದು ಬರೀ ತಿರುಗಾಟ. ಭೂಮಿ ತಿರುಗುವುದರಿಂದ ಸೌಟು ಧ್ರುವ ನಕ್ಷತ್ರದ ಸುತ್ತ ಗಂಟೆಗೆ 15 ಡಿಗ್ರಿ ಸುತ್ತಿದಂತೆ ಕಾಣುತ್ತದೆ. ಜೊತೆಗೆ ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತದೆ, ತಿಂಗಳಿಗೆ 2 ಗಂಟೆ. ಫೆಬ್ರವರಿ ರಾತ್ರಿ ಈಶಾನ್ಯದಲ್ಲಿ ಬಟ್ಟಲು ಮೇಲೆ, ಹಿಡಿ ಕೆಳಗೆ. ಈಗ ಒಂಬತ್ತು ಗಂಟೆಗೆ ಉತ್ತರಕ್ಕೆ ಮುಖ ಮಾಡಿದರೆ ಬಟ್ಟಲು ಎಡಕ್ಕೆ, ಹಿಡಿ ಬಲಕ್ಕೆ, ಬಾಯಿ ನೆಲದ ಕಡೆ.

ಗುರುತು ಹಿಡಿಯಲು ಬಟ್ಟಲಿನ ಎಡ ಅಂಚಿನ ಎರಡು ನಕ್ಷತ್ರ ಸಾಕು, ಪುಲಹ ಮತ್ತು ಕ್ರತು. ಪುಲಹನಿಂದ ಕ್ರತುವಿಗೆ ಗೆರೆ ಎಳೆದು, ಅವೆರಡರ ನಡುವಿನ ದೂರದ ಐದರಷ್ಟು ಮುಂದೆ ಹೋದರೆ ಧ್ರುವ. ನಮ್ಮ ಮಂಡ್ಯ ಕಡೆ ಅದು ದಿಗಂತದಿಂದ ಸುಮಾರು 12 ಡಿಗ್ರಿ ಅಷ್ಟೇ, ಕೈ ಚಾಚಿ ಹಿಡಿದ ಮುಷ್ಟಿಗಿಂತ ತುಸು ಮೇಲೆ. ತೆಂಗಿನ ಸಾಲು ಅಡ್ಡ ಬಂದರೆ ಮುಗೀತು. ನಮ್ಮ ಹೊಲದಲ್ಲಿ ಹಾಗೇ ಆಗಿ, ನಾನು ಧ್ರುವವನ್ನು ಮೊದಲು ನೋಡಿದ್ದು ಮೇಲುಕೋಟೆ ಬೆಟ್ಟದ ಮೇಲೆ!

ಇನ್ನು ನಿಜವಾದ ಬದಲಾವಣೆ. ನಕ್ಷತ್ರಗಳು ಸ್ವಂತವಾಗಿ ಸರಿಯುತ್ತವೆ ಎಂದು ಇಂಗ್ಲಿಷ್ ಖಗೋಳಜ್ಞ ಎಡ್ಮಂಡ್ ಹ್ಯಾಲಿ 1718ರಲ್ಲಿ ಹಳೆಯ ನಕ್ಷತ್ರ ಪಟ್ಟಿಗಳ ಜೊತೆ ಹೋಲಿಸಿ ತೋರಿಸಿದ. ಸಪ್ತರ್ಷಿಯಲ್ಲಿ ನಡುವಿನ ಐದು ಒಂದೇ ಹಿಂಡು, ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿ ಒಟ್ಟಿಗೆ ಹೊರಟಿವೆ. ಅರುಂಧತಿಯೂ ಆ ಹಿಂಡಿನವಳೇ, ಹಿಡಿಯ ನಡುವಿನ ನಕ್ಷತ್ರ ವಸಿಷ್ಠನನ್ನು ಬಿಟ್ಟಿಲ್ಲ. ಮದುವೆಯಲ್ಲಿ ಮಟಮಟ ಮಧ್ಯಾಹ್ನ ತೋರಿಸ್ತಾರಲ್ಲ, ಅವಳೇ. ಬಟ್ಟಲಿನ ತುದಿಯ ಕ್ರತು ಮತ್ತು ಹಿಡಿಯ ತುದಿಯ ಮರೀಚಿ ಈ ಹಿಂಡಿಗೆ ಸೇರಿಲ್ಲ. ಇನ್ನೂ ದೂರದಲ್ಲಿವೆ, ಹೆಚ್ಚುಕಡಿಮೆ ಎದುರು ದಿಕ್ಕಿಗೆ ಸರಿಯುತ್ತಿವೆ. ಹಾಗಾಗಿ ಮುಂದೆ ಬಟ್ಟಲಿನ ಬಾಯಿ ಅಗಲವಾಗುತ್ತದೆ, ಹಿಡಿ ಇನ್ನೂ ಬಾಗುತ್ತದೆ. ಆದರೆ ಮರೀಚಿ ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯಲು ಸುಮಾರು 15 ಸಾವಿರ ವರ್ಷ ಬೇಕು. ಮೂರು ತಿಂಗಳಲ್ಲಿ ನಮ್ಮ ಕಣ್ಣಿಗೆ ಏನೂ ಗೊತ್ತಾಗಲ್ಲ.

ಅನುಮಾನ ಇದ್ದರೆ ಇವತ್ತು ಎಂಟಕ್ಕೆ ಏಳು ಚುಕ್ಕಿ ಬರೆದಿಡಿ, ಹನ್ನೆರಡಕ್ಕೆ ಮತ್ತೆ ಬರೆಯಿರಿ. ಹಾಳೆಯನ್ನು 60 ಡಿಗ್ರಿ ತಿರುಗಿಸಿದರೆ ಏಳೂ ಕೂಡುತ್ತವೆ. ಮಳೆ ಮೋಡ ಕವಿಯುವ ಮುಂಚೆ ಮಾಡಿ. ಆಗಸ್ಟ್ ಹೊತ್ತಿಗೆ ಸಂಜೆಗೇ ಸೌಟು ವಾಯವ್ಯಕ್ಕೆ ಇಳಿದಿರುತ್ತದೆ, ಬಟ್ಟಲು ಮೊದಲು ಮುಳುಗುತ್ತದೆ.