ಸಿಗರೇಟಿಗೆ ತಿಂಗಳಿಗೆ 50 ಡಾಲರ್ ಜಾಸ್ತಿ
ಟೆಕ್ಸಾಸ್‌ನ ನಿಮ್ಮ ಕಂಪನಿ ಸಿಗರೇಟ್ ಸೇದುತ್ತೀರಿ ಅಂತ ಆರೋಗ್ಯ ಇನ್ಶೂರೆನ್ಸಿಗೆ ತಿಂಗಳಿಗೆ 50 ಡಾಲರ್ ಜಾಸ್ತಿ ಹಿಡಿಯಬಹುದಾ ಅಂತ ಕೇಳಿದ್ದೀರಿ. ಹಿಡಿಯಬಹುದು. ಅಮೆರಿಕದ ಕಾನೂನಿನಲ್ಲಿ ಒಬ್ಬ ನೌಕರರ ಇನ್ಶೂರೆನ್ಸಿನ ಒಟ್ಟು ಖರ್ಚಿನ ಅರ್ಧದವರೆಗೂ ಅವಕಾಶ ಇದೆ.

ಆದರೆ ಸುಮ್ನೆ ಹಿಡಿದು ಕೂರುವ ಹಾಗಿಲ್ಲ. ಅದರಿಂದ ತಪ್ಪಿಸಿಕೊಳ್ಳಲು ಇನ್ನೊಂದು ದಾರಿ ಕೊಡಲೇಬೇಕು. ಸಾಮಾನ್ಯವಾಗಿ ಚಟ ಬಿಡಿಸುವ ಕ್ಲಾಸೋ, ಫೋನ್ ಕೌನ್ಸೆಲಿಂಗೋ ಇರುತ್ತದೆ. ಅದನ್ನು ಮುಗಿಸಿದರೆ ಸಾಕು, ಚಟ ಬಿಡದಿದ್ದರೂ ಆ ವರ್ಷದ ಪೂರ್ತಿ ರಿಯಾಯಿತಿ ಸಿಗಬೇಕು ಅನ್ನುವುದು 2013ರ ಸರ್ಕಾರಿ ನಿಯಮದ ಅರ್ಥ. ನಮ್ಮ ಯಜಮಾನರು ಐದು ಫೋನ್ ಕಾಲ್ ಮುಗಿಸಿ ದುಡ್ಡು ಉಳಿಸಿದರು. ಈಗಲೂ ಗ್ಯಾರೇಜ್ ಹಿಂದೆ ಒಂದು ಎಳೆಯುತ್ತಾರೆ, ಅದು ಬೇರೆ ಕಥೆ!

ಇಂಥ ದಾರಿ ಏನಿದೆ ಅಂತ ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ. ಇನ್ಶೂರೆನ್ಸ್ ಫಾರ್ಮಲ್ಲಿ ಸೇದುವ ವಿಷಯಕ್ಕೆ ಮಾತ್ರ ಸುಳ್ಳು ಬರೆಯಬೇಡಿ.