ಮಾಲ್, ಸಿನಿಮಾ, ಹೋಟೆಲು ಬಿಟ್ಟು ಬೆಂಗಳೂರಿನಲ್ಲಿ ಗಂಡ-ಹೆಂಡತಿ ಇಬ್ಬರೇ ಸಂಜೆ ಕಳೆಯುವುದಕ್ಕೆ ಏನಿದೆ?

ಮದುವೆಯಾಗಿ ನಾಲ್ಕು ವರ್ಷ, ಇಬ್ಬರಿಗೂ ಕೆಲಸ, ಶನಿವಾರ ಬಂತೆಂದರೆ ಅದೇ ಮಾಲು, ಅದೇ ಊಟ, ಇಬ್ಬರಿಗೂ ಸಾಕಾಗಿದೆ ಅಂತ ಬರೆದಿದ್ದೀರಿ. ನಿಮಗೆ ಸಂಗೀತ ಇಷ್ಟ, ನಿಮ್ಮ ಯಜಮಾನರಿಗೆ ಒಗ್ಗುವುದಿಲ್ಲ, ಅವರಿಗೆ ಲೆಕ್ಕ, ಒಗಟು, ಚೆಸ್ ಇಷ್ಟ ಅಂತಲೂ ಹೇಳಿದ್ದೀರಿ. ನಮ್ಮ ಮನೆಯಲ್ಲೂ ಹೀಗೇ ಇತ್ತು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯದಲ್ಲಿ ಗಂಡ-ಹೆಂಡತಿಗೆ ಎರಡು ಥರದ ಸಂಜೆ ಬೇಕು. ಮಾತಾಡದೆ ಗತ್ಯಂತರವೇ ಇಲ್ಲದಂಥದ್ದು ಒಂದು, ಮಾತೇ ಬೇಡದಂಥದ್ದು ಇನ್ನೊಂದು. ಹೋಟೆಲಿನಲ್ಲಿ ಎದುರುಬದುರು ಕೂತರೆ ಏನಾದರೂ ಮಾತಾಡಲೇಬೇಕು, ಆದರೆ ಬಾಯಿಗೆ ಬರುವುದು ಆಫೀಸು, ಇಎಂಐ, ಊರಿಂದ ಬಂದ ಫೋನು ಇಷ್ಟೇ. ಸಿನಿಮಾದಲ್ಲಿ ಮೌನವಾಗಿ ಕೂರುತ್ತೀರಿ ನಿಜ, ಆದರೆ ಇಬ್ಬರೂ ಕತ್ತಲಲ್ಲಿ ಬೇರೆ ಬೇರೆ.

ಮೊದಲನೆಯದಕ್ಕೆ ಎಸ್ಕೇಪ್ ರೂಮ್ ಹೇಳಿ ಮಾಡಿಸಿದ ಹಾಗಿದೆ. ಕೋರಮಂಗಲ, ಇಂದಿರಾನಗರದ ಕಡೆ ಇಂಥ ಜಾಗಗಳಿವೆ. ಒಂದು ಕೋಣೆಯೊಳಗೆ ಬಿಡುತ್ತಾರೆ, ಸಾಮಾನ್ಯವಾಗಿ ಒಂದು ಗಂಟೆ ಸಮಯ, ಅಷ್ಟರಲ್ಲಿ ಅಲ್ಲಿರುವ ಸುಳಿವುಗಳನ್ನು ಹುಡುಕಿ, ಬೀಗಗಳನ್ನು ಒಂದೊಂದಾಗಿ ತೆಗೆದು ಹೊರಗೆ ಬರಬೇಕು. ಕಂಪ್ಯೂಟರ್ ಪರದೆಯ ಮೇಲೆ ಆಡುತ್ತಿದ್ದ ಇಂಥ ಆಟವನ್ನು 2007ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಕಾವೊ ಕಾಟೊ ಎಂಬುವರು ನಿಜವಾದ ಕೋಣೆಗೆ ತಂದರು. ಅಲ್ಲಿಂದ ಊರೂರಿಗೆ ಹಬ್ಬಿತು.

ನಾವು ಆಡಿದ ಒಂದು ಕೋಣೆಯ ಗೋಡೆಯಲ್ಲಿ ನಾಲ್ಕು ಗಡಿಯಾರ, ನಾಲ್ಕೂ ಬೇರೆ ಬೇರೆ ಗಂಟೆಗೆ ನಿಂತಿದ್ದವು. ಕೆಳಗೆ ಒಂದು ಟ್ರಂಕು, ಅದಕ್ಕೆ ನಾಲ್ಕು ಅಂಕಿಯ ಬೀಗ. ನಮ್ಮವರು ಬೀಗ ಹಿಡಿದುಕೊಂಡು ಗಂಟೆ ನಿಮಿಷ ಕೂಡಿಸಿ ಕಳೆಯುತ್ತಾ ಕೂತರು. ನಾನು ಅತ್ತಿತ್ತ ನೋಡುತ್ತಿದ್ದವಳು, "ರೀ, ಲೆಕ್ಕ ಬಿಡಿ, ಗಡಿಯಾರದ ಬಣ್ಣ ನೋಡಿ" ಅಂದೆ. ಕೆಂಪು, ಹಸಿರು, ನೀಲಿ, ಹಳದಿ. ಕಪಾಟಿನಲ್ಲಿ ಅದೇ ನಾಲ್ಕು ಬಣ್ಣದ ಬೈಂಡು ಹಾಕಿದ ಪುಸ್ತಕಗಳು, ಆದರೆ ಸಾಲು ಬೇರೆ. ಪುಸ್ತಕ ಜೋಡಿಸಿದ್ದ ಕ್ರಮದಲ್ಲಿ ಗಂಟೆಯ ಅಂಕಿಗಳನ್ನು ತಿರುಗಿಸಿದರು, ಬೀಗ ಟಕ್ಕಂತ ಬಿಚ್ಚಿಕೊಂಡಿತು. "ಭಲೇ ಕಣೇ!" ಅಂತ ಅವರು ಕೂಗಿದ್ದು ಹೊರಗೆ ಕೂತಿದ್ದವರಿಗೂ ಕೇಳಿಸಿರಬೇಕು. ಗಂಡ ಯೋಚಿಸುವ ರೀತಿ ಹೀಗೆ, ನಾನು ನೋಡುವ ರೀತಿ ಹೀಗೆ ಅನ್ನುವುದು ಮನೆಯಲ್ಲಿ ಇಷ್ಟು ಸ್ಪಷ್ಟವಾಗಿ ತಿಳಿಯುವುದಿಲ್ಲ.

ಇಬ್ಬರೇ ಹೋಗುವುದಾದರೆ ಬುಕ್ ಮಾಡುವಾಗಲೇ ಬೇರೆಯವರನ್ನು ಜೊತೆಗೆ ಸೇರಿಸಬೇಡಿ ಅಂತ ಹೇಳಿ. ಕೋಣೆಗಳು ಎಷ್ಟು ಕಷ್ಟ ಅಂತ ಕೇಳಿ, ಮೊದಲಿಗೆ ಸುಲಭದ್ದನ್ನೇ ಆರಿಸಿ. ಆರು ಜನಕ್ಕೆ ಮಾಡಿದ ಕೋಣೆಯಲ್ಲಿ ಇಬ್ಬರ ಕೈ ಸಾಲುವುದಿಲ್ಲ. ಸಿಕ್ಕಿದ್ದನ್ನೆಲ್ಲ ಜೋರಾಗಿ ಹೇಳಿ, "ಇಲ್ಲೊಂದು ಕೀ ಇದೆ, ಇಲ್ಲೊಂದು ಚಿತ್ರ ಹರಿದಿದೆ" ಅಂತ. ಒಮ್ಮೆ ಬಳಸಿದ ಕೀ ಸಾಮಾನ್ಯವಾಗಿ ಮತ್ತೆ ಬೇಕಾಗುವುದಿಲ್ಲ, ಅದನ್ನು ಆ ಬೀಗದಲ್ಲೇ ಬಿಡಿ. ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುವವರು ಸುಳಿವು ಕೊಡುತ್ತಾರೆ, ಕೇಳುವುದರಲ್ಲಿ ಸಂಕೋಚ ಬೇಡ.

ಖರ್ಚು ಜಾಸ್ತಿ ಅನ್ನಿಸಿದರೆ ಮನೆಯಲ್ಲೇ ಚೌಕಾಬಾರ ಹಾಕಿ. ನಾಲ್ಕು ಕವಡೆ, ಐದಕ್ಕೆ ಐದು ಮನೆಗಳ ಚೌಕ, ಅದನ್ನು ಬರೆಯಲು ಒಂದು ಸೀಮೆಸುಣ್ಣ, ನಡೆಸಲು ಕಾಯಿಗಳು ಸಾಕು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವ ಹಾಗಿಲ್ಲ ಅನ್ನುವ ನಿಯಮ ಇಬ್ಬರ ಆಟಕ್ಕೆ ಎಷ್ಟು ರುಚಿ ಕೊಡುತ್ತದೆ ಅಂತ ಆಡಿಯೇ ನೋಡಬೇಕು. ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆ ನೋಡಿ ಬನ್ನಿ. ಅದನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಗೆ ಇಂಥ ಆಟಗಳೆಂದರೆ ಪ್ರಾಣ, ತಾವೇ ಎಷ್ಟೋ ಹೊಸ ಆಟಗಳನ್ನು ರಚಿಸಿದವರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಹಾಗೆ, ಆ ನಡೆಗಳಿಗೆ ಒಂದರಿಂದ 64ರ ತನಕ ಅಂಕಿ ಹಾಕಿದರೆ ಪ್ರತಿ ಅಡ್ಡಸಾಲಿನ, ಉದ್ದಸಾಲಿನ ಮೊತ್ತವೂ 260 ಆಗುವ ಹಾಗೆ ಒಂದು ಜೋಡಣೆಯನ್ನೂ ಕಟ್ಟಿದ್ದರು. ಚೆಸ್ ಪ್ರೀತಿಸುವ ನಿಮ್ಮ ಯಜಮಾನರಿಗೆ ಇದೊಂದನ್ನು ಹೇಳಿ ನೋಡಿ, ಮುಂದಿನ ಶನಿವಾರವೇ ಮೈಸೂರಿಗೆ ಹೊರಡುತ್ತಾರೆ.

ಇನ್ನು ಸಂಗೀತ. ಲೆಕ್ಕ ಇಷ್ಟಪಡುವವರಿಗೆ ಸಂಗೀತ ಒಗ್ಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರನ್ನು ರಾಗದ ಬಾಗಿಲಿಂದ ಕರೆದುಕೊಂಡು ಹೋಗಬೇಡಿ, ತಾಳದ ಬಾಗಿಲಿಂದ ಕರೆದುಕೊಂಡು ಹೋಗಿ. ಹೊರಡುವ ಮುಂಚೆ ಆದಿತಾಳ ಹಾಕುವುದು ಕಲಿಸಿ: ತೊಡೆಯ ಮೇಲೆ ಒಂದು ತಟ್ಟು, ಕಿರುಬೆರಳಿನಿಂದ ಶುರುಮಾಡಿ ಮೂರು ಎಣಿಕೆ, ಆಮೇಲೆ ತಟ್ಟಿ ತಿರುಗಿಸು, ತಟ್ಟಿ ತಿರುಗಿಸು. ಒಟ್ಟು ಎಂಟು. ಕಛೇರಿಯ ಮಧ್ಯೆ ದೊಡ್ಡ ಕೃತಿ, ಅಂದರೆ ಮುಖ್ಯವಾದ ಹಾಡು, ಆದ ಮೇಲೆ ತನಿ ಆವರ್ತನ ಬರುತ್ತದೆ, ಮೃದಂಗ ಮತ್ತು ಘಟದವರೇ ನುಡಿಸುವ ಭಾಗ. ಎಷ್ಟೋ ಜನ ಆಗಲೇ ಕಾಫಿಗೆ ಎದ್ದು ಹೋಗುತ್ತಾರೆ. ನೀವು ಏಳಬೇಡಿ. ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾ, ತುಂಡು ಚಿಕ್ಕದಾಗುತ್ತಾ ಆಗುತ್ತಾ, ಕೊನೆಗೆ ಮುಕ್ತಾಯವನ್ನು ಮೂರು ಸಲ ನುಡಿಸುತ್ತಾರೆ. ಅದು ಎಲ್ಲೆಲ್ಲೋ ಸುತ್ತಿ ಪಲ್ಲವಿಯ ಎಡುಪಿಗೆ, ಅಂದರೆ ತಾಳದಲ್ಲಿ ಪಲ್ಲವಿ ಶುರುವಾಗುವ ಜಾಗಕ್ಕೆ, ಕರಾರುವಾಕ್ಕಾಗಿ ಬಂದು ಕೂರುತ್ತದೆ. ನಮ್ಮವರು ಮೊದಮೊದಲು ಕಛೇರಿಗೆ ನನ್ನ ಸಲುವಾಗಿ ಬಂದವರು. ಒಂದು ಸಂಜೆ ತನಿಯುದ್ದಕ್ಕೂ ಬೆರಳು ಎಣಿಸುತ್ತಾ ಕೂತಿದ್ದರು, ಮುಕ್ತಾಯ ಬಂದು ಬಿದ್ದ ಕ್ಷಣಕ್ಕೆ ಸರಿಯಾಗಿ ಅವರ ಕೈಯೂ ಬಿತ್ತು. ಅವರು ನನ್ನ ಕಡೆ ತಿರುಗಿದಾಗ ಆ ಮುಖ ನೋಡಬೇಕಿತ್ತು. ಈಗ ಯಾರ ಮೃದಂಗ ಅಂತ ಅವರೇ ವಿಚಾರಿಸುತ್ತಾರೆ.

ರಾಗವನ್ನೂ ಆಟವಾಗಿ ಮಾಡಿಕೊಳ್ಳಬಹುದು. ಹಾಡಿಗೆ ಮುಂಚೆ ಸಾಹಿತ್ಯವಿಲ್ಲದೆ ರಾಗವನ್ನಷ್ಟೇ ಹಾಡುವ ಆಲಾಪನೆ ಶುರುವಾದಾಗ ಇಬ್ಬರೂ ತಮಗೆ ತೋಚಿದ ರಾಗವನ್ನು ಒಂದು ಚೀಟಿಯಲ್ಲಿ ಬರೆದಿಡಿ, ಕೃತಿ ಬಂದಮೇಲೆ ನೋಡಿ. ಮೋಹನ ಅಂತ ಬರೆದಿರುತ್ತೀರಿ, ಸ್ವಲ್ಪ ಹೊತ್ತಿಗೆ ಅದು ಬಿಲಹರಿ ಅಂತ ಗೊತ್ತಾಗುತ್ತದೆ. ಏರುವಾಗ ಮೋಹನದ ಸ್ವರಗಳೇ, ಇಳಿಯುವಾಗ ಮಾತ್ರ ಶಂಕರಾಭರಣದ ದಾರಿ. ಆ ಇಳಿತ ಬರುವ ತನಕ ಕಿವಿಗೊಟ್ಟು ಕಾಯುವುದೇ ಸುಖ.

ಜಾಗಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ನಡೆಯುತ್ತದೆ, ಉತ್ಸವ ಶುರುವಾದದ್ದು 1939ರಲ್ಲಿ. ಸೆಕೆಗಾಲದ ಸಂಜೆ, ದೊಡ್ಡ ಚಪ್ಪರ, ಹೊರಗಿನ ರಸ್ತೆಯ ಸದ್ದನ್ನೂ ಮರೆಸುವ ಹಾಡು. ಗಾಯನ ಸಮಾಜ 1905ರದ್ದು, ಕೆ.ಆರ್. ರಸ್ತೆಯಲ್ಲಿದೆ, ನ್ಯಾಷನಲ್ ಕಾಲೇಜ್ ಮೆಟ್ರೋದಿಂದ ಹತ್ತಿರ. ಏಳು ತಂತಿಯ ಪಿಟೀಲಿನ ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನದಲ್ಲಿ ಸಂಗೀತ, ನಾಟಕ ಎರಡೂ ಇರುತ್ತವೆ. ಶಾಸ್ತ್ರೀಯ ಬೇಡವೆಂದರೆ ರವೀಂದ್ರ ಕಲಾಕ್ಷೇತ್ರದ ಕಡೆ ಭಾವಗೀತೆಯ ಕಾರ್ಯಕ್ರಮಗಳಿಗೆ ಹೋಗಿ. ಪಬ್ಬುಗಳಲ್ಲಿ ಬ್ಯಾಂಡ್ ನುಡಿಸುವುದನ್ನೂ ಕೇಳಿದ್ದೇವೆ, ಒಳ್ಳೆಯ ಕಲಾವಿದರಿದ್ದಾರೆ, ಆದರೆ ಆ ಸ್ಪೀಕರುಗಳ ನಡುವೆ ಮಾತೂ ಆಗುವುದಿಲ್ಲ, ಮೌನವೂ ಆಗುವುದಿಲ್ಲ. ಇಬ್ಬರೇ ಹೋಗುವುದಕ್ಕೆ ನಾನು ಅದನ್ನು ಹೇಳುವುದಿಲ್ಲ.

ನಾಟಕವಾದರೆ ಜೆ.ಪಿ. ನಗರದ ರಂಗಶಂಕರ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ 2004ರಲ್ಲಿ ಕಟ್ಟಿ ನಿಲ್ಲಿಸಿದ ರಂಗಮಂದಿರ. ತಡವಾಗಿ ಬಂದವರನ್ನು ಯಾರೇ ಆಗಲಿ ಒಳಗೆ ಬಿಡುವುದಿಲ್ಲ, ಆದ್ದರಿಂದ ಟ್ರಾಫಿಕ್ ಲೆಕ್ಕ ಹಾಕಿಕೊಂಡು ಬೇಗ ಹೊರಡಿ.

ಯಜಮಾನರನ್ನು ಮೊದಲ ಸಲ ಕಛೇರಿಗೆ ಕರೆದುಕೊಂಡು ಹೋಗುವಾಗ ಪೂರ್ತಿ ಕೂರಲೇಬೇಕು ಅಂತ ಹಟ ಮಾಡಬೇಡಿ. ಪಕ್ಕದ ಸಾಲಿನ ಕೊನೆಯ ಕುರ್ಚಿ ಹಿಡಿಯಿರಿ. ಮೃದಂಗದವರ ಕೈ ಕಾಣುವ ಕಡೆ ಕೂತರೆ ಇನ್ನೂ ಒಳ್ಳೆಯದು, ಹಾಡುವವರ ಬಲಗಡೆ ಅವರು ಇರುತ್ತಾರೆ. ಬೇಸರ ಬಂದರೆ ಒಂದು ಕೃತಿ ಮುಗಿದು ಚಪ್ಪಾಳೆ ಬಿದ್ದಾಗ ಎದ್ದು ಬನ್ನಿ, ಹಾಡಿನ ಮಧ್ಯೆ ಮಾತ್ರ ಏಳಬೇಡಿ. ಆದರೆ ತನಿ ಆಗುವ ತನಕ ಇದ್ದರೆ ಕೊನೆಯ ದೇವರನಾಮಗಳಿಗೂ ಇರಿ. ಅಲ್ಲಿಯವರೆಗೆ ತೆಲುಗು, ಸಂಸ್ಕೃತ ಕೇಳಿ ಬಂದಿದ್ದಕ್ಕೆ ಪುರಂದರದಾಸರ ಕನ್ನಡ ಬಂದಾಗ ಯಾರೂ ಏನೂ ವಿವರಿಸಬೇಕಾಗುವುದಿಲ್ಲ.