ನೈಸಿಯಾ ಸಭೆ ಸುವಾರ್ತೆಗಳನ್ನು ಆರಿಸಿತೇ?

ಡ್ಯಾನ್ ಬ್ರೌನ್ ಬರೆದ ಕಾದಂಬರಿ ‘ದ ಡಾ ವಿಂಚಿ ಕೋಡ್’ ಹೇಳುವಂತೆ ನೈಸಿಯಾ ಸಭೆ (ಕ್ರೈಸ್ತ ಬಿಷಪ್‌ಗಳ ಮಹಾಸಭೆ) ಮತ ಹಾಕಿ ಯೇಸುವನ್ನು ದೇವರಾಗಿಸಿತೇ, ಯೇಸುವಿನ ಬದುಕನ್ನು ಹೇಳುವ ಬೈಬಲ್ ಪುಸ್ತಕಗಳಾದ ಸುವಾರ್ತೆಗಳನ್ನೂ ಅದೇ ಆರಿಸಿತೇ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಉತ್ತರ ಸುಲಭ: ಇಲ್ಲ. ಕ್ರಿ.ಶ. 325ರ ಆ ಸಭೆ ಹೊರಡಿಸಿದ 20 ನಿಯಮಗಳಲ್ಲಿ ಒಂದೂ ಬೈಬಲ್ ಪುಸ್ತಕಗಳ ಪಟ್ಟಿಯ ಬಗ್ಗೆ ಇಲ್ಲ. ಸುವಾರ್ತೆಗಳು ನಾಲ್ಕೇ ಎಂದು ಬಿಷಪ್ ಐರೇನಿಯಸ್ ಸುಮಾರು 180ರಲ್ಲೇ ವಾದಿಸಿದ್ದ. ಹೊಸ ಒಡಂಬಡಿಕೆಯ (ಬೈಬಲ್‌ನ ಎರಡನೇ ಭಾಗ) ಈಗಿನ 27 ಪುಸ್ತಕಗಳ ಪಟ್ಟಿ ಮೊದಲು ಕಾಣುವುದು ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ.

ಮೊದಲನೆಯದು ಸ್ವಲ್ಪ ಬಿಡಿಸಿ ನೋಡಬೇಕಾದದ್ದು. ಯೇಸು ಬರೀ ಮನುಷ್ಯನೇ ಎಂಬುದು ಅಲ್ಲಿ ಚರ್ಚೆಯೇ ಆಗಿರಲಿಲ್ಲ. ವಿರೋಧ ಪಕ್ಷದ ಪಾದ್ರಿ ಏರಿಯಸ್ ಕೂಡ ಅವನನ್ನು ಲೋಕಸೃಷ್ಟಿಗೆ ಮೊದಲೇ ಇದ್ದ ದೇವಪುತ್ರ ಎಂದು ಒಪ್ಪಿದ್ದ. ಆದರೆ ತಂದೆಗೆ ಸಮನಲ್ಲ, ತಂದೆಯಿಂದ ಸೃಷ್ಟಿಯಾದವನು ಎನ್ನುತ್ತಿದ್ದ. ಕೊನೆಗೆ ಸಭೆ ಒಪ್ಪಿದ ವಿಶ್ವಾಸಸೂತ್ರಕ್ಕೆ (ನಂಬಿಕೆಯ ಹೇಳಿಕೆ) ಸಹಿ ಹಾಕದೆ ಗಡೀಪಾರಾದ ಬಿಷಪ್‌ಗಳು ಇಬ್ಬರೇ. ಹಾಗಾಗಿ ಅಲ್ಪ ಅಂತರದ ಮತದಾನ ಎಂಬ ಕಾದಂಬರಿಯ ಮಾತು ನಿಲ್ಲುವುದಿಲ್ಲ. ಹಾಗೆಂದು ಚಕ್ರವರ್ತಿ ಕಾನ್‌ಸ್ಟಂಟೈನನ ಒತ್ತಡ ಇರಲೇ ಇಲ್ಲ ಎನ್ನುವ ಭಕ್ತರ ವಾದವೂ ಸರಿಯಲ್ಲ. ಸಭೆ ಕರೆಸಿದವನೇ ಅವನು.

‘ಅದು ಬರೀ ಕಾದಂಬರಿ, ಬಿಡಿ’ ಎಂದು ವಾದ ಮುಗಿಸಲು ಹೋಗಬೇಡಿ. ಪ್ರಯರಿ ಆಫ್ ಸಯನ್ ಎಂಬ ಗುಪ್ತ ಸಂಘ 1099ರಲ್ಲಿ ಹುಟ್ಟಿದ ನಿಜವಾದ ಸಂಸ್ಥೆ ಎಂದು ಪುಸ್ತಕದ ಮೊದಲಲ್ಲೇ ‘ಸತ್ಯಾಂಶ’ವಾಗಿ ಅಚ್ಚಾಗಿದೆ. ಆದರೆ ಆ ಹೆಸರಿನ ಸಂಘವನ್ನು ಪಿಯರ್ ಪ್ಲಾಂಟಾರ್ ಮತ್ತು ಅವನ ಗೆಳೆಯರು ಫ್ರಾನ್ಸ್‌ನಲ್ಲಿ ನೋಂದಾಯಿಸಿದ್ದು 1956ರಲ್ಲಿ.

ಒಂದು ವಿಷಯದಲ್ಲಿ ಮಾತ್ರ ಕಾದಂಬರಿಯ ಪರವಾಗಿಯೇ ನಿಲ್ಲಬಹುದು: ಅದು ಹೇಳುವಂತೆಯೇ, ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ವೇಶ್ಯೆ ಎಂದು ಬೈಬಲ್‌ನಲ್ಲಿ ಎಲ್ಲೂ ಇಲ್ಲ.